ಮನೆಯತ್ತ ವಾಲಿದ ಮರ: ಅದನ್ನು ನೆಲಕ್ಕಿಳಿಸುವ ಬಗೆ

ಪ್ರಶ್ನೆ: ನಮ್ಮ ಮನೆಯ ಹಿಂಗೋಡೆಯಿಂದ ಸುಮಾರು 6 ಮೀಟರ್ ದೂರದಲ್ಲಿ ಹಳೆಯ ಮರವೊಂದಿದೆ. ಎತ್ತರ 15 ಮೀಟರ್ ಇರಬಹುದು, ಬುಡದ ಅಡ್ಡಳತೆ ಮುಕ್ಕಾಲು ಮೀಟರಿಗೆ ಹತ್ತಿರ. ಎರಡು ವರ್ಷಗಳ ಹಿಂದೆ ಅದರ ಪಕ್ಕದಲ್ಲೇ ಪೈಪು ಹಾಕಲು ಕಾಲುವೆ ತೋಡಿಸಿದ್ದೆವು. ಈಗ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆಗಳು ಮೂಡಿವೆ. ಕಳೆದ ಗಾಳಿಮಳೆಯ ನಂತರ ಮರ ಮನೆಯ ಕಡೆಗೆ ವಾಲಿದಂತೆ ಕಾಣುತ್ತಿದೆ. ಒಂದು ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ. ಕೆಲಸಗಾರರೊಬ್ಬರು ಹಗ್ಗ ಕಟ್ಟಿ ಎದುರು ದಿಕ್ಕಿಗೆ ಎಳೆದು ಅರ್ಧ ದಿನದಲ್ಲಿ ಬೀಳಿಸಿಕೊಡುತ್ತೇನೆ ಎನ್ನುತ್ತಾರೆ. ನನ್ನ ತಮ್ಮನ ಬಳಿ ಚೈನ್ ಸಾ ಇದೆ, ಏಣಿ ಹಾಕಿಕೊಂಡು ತಾನೇ ಕೊಂಬೆಗಳನ್ನು ಕತ್ತರಿಸುತ್ತೇನೆ ಎನ್ನುತ್ತಾನೆ. ಮರವನ್ನು ತೆಗೆಯಲೇಬೇಕೆ? ತೆಗೆಯುವುದಾದರೆ ಸುರಕ್ಷಿತ ದಾರಿ ಯಾವುದು?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಈ ಮರವನ್ನು ತೆಗೆಸಬೇಕು, ತಡಮಾಡದೆ ತೆಗೆಸಬೇಕು ಎಂದೇ ಹೇಳುತ್ತೇನೆ. ಆದರೆ ನಿಮ್ಮ ಮುಂದಿರುವ ಎರಡು ದಾರಿಗಳಲ್ಲಿ ಯಾವುದನ್ನೂ ಹಿಡಿಯಬೇಡಿ. ಮರ ನೆಲಕ್ಕೆ ಬರುವ ದಿನದವರೆಗೆ ಆ ಬದಿಯ ಕೋಣೆಗಳಲ್ಲಿ ಯಾರೂ ಮಲಗುವುದು ಬೇಡ. ವಾಹನವನ್ನು ಬೇರೆಡೆ ನಿಲ್ಲಿಸಿ, ಮಕ್ಕಳು ಹಿತ್ತಲಿಗೆ ಹೋಗದಂತೆ ನೋಡಿಕೊಳ್ಳಿ. ಮಳೆಯಿಂದ ನೆಲ ನೆನೆದಾಗ ಈ ಎಚ್ಚರ ಇನ್ನಷ್ಟು ಬಿಗಿಯಾಗಬೇಕು, ಏಕೆಂದರೆ ನೀರು ಕುಡಿದ ಮಣ್ಣು ಬೇರುಗಳನ್ನು ಹಿಡಿದಿಟ್ಟುಕೊಳ್ಳುವ ಬಿಗಿಯನ್ನು ಕಳೆದುಕೊಳ್ಳುತ್ತದೆ. ಗಾಳಿ ನಿಂತ ಮೇಲೂ ಮರ ಉರುಳುವುದುಂಟು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ವಾಲಿಕೆಗಿಂತ ಮೊದಲು ಆ ಕಾಲುವೆ. ಮರದ ಬೇರುಗಳು ಕಾಂಡದಷ್ಟೇ ಆಳಕ್ಕೆ ಇಳಿದಿರುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಹೆಚ್ಚಿನ ಬೇರುಗಳು ನೆಲದ ಮೇಲಿನ ಒಂದು ಮೀಟರ್ ಪದರದಲ್ಲಿಯೇ ಇರುತ್ತವೆ ಮತ್ತು ಕೊಂಬೆಗಳ ನೆರಳನ್ನೂ ದಾಟಿ ಅಡ್ಡಡ್ಡಲಾಗಿ ಹಬ್ಬಿರುತ್ತವೆ. ಬುಡದ ಪಕ್ಕದಲ್ಲಿ ತೋಡಿದ ಕಾಲುವೆ ಒಂದು ಬದಿಯ ಆಧಾರದ ಬೇರುಗಳನ್ನು ಕಡಿದುಹಾಕುತ್ತದೆ, ಕಡಿದ ತುದಿಗಳಿಂದ ಕೊಳೆ ಒಳಹೊಗುತ್ತದೆ, ಕೆಲವು ವರ್ಷಗಳ ನಂತರ ಬುಡದಲ್ಲಿ ಅಣಬೆ ಕಾಣಿಸಿಕೊಳ್ಳಬಹುದು. ಅಣಬೆಯೆಂಬುದು ಒಳಗಿನ ಶಿಲೀಂಧ್ರ ಹೊರಚಾಚಿದ ಫಲ ಮಾತ್ರ. ಅದು ಹೊರಗೆ ಕಾಣುವ ಹೊತ್ತಿಗೆ ಒಳಗಿನ ಮರ ಸಾಕಷ್ಟು ಕಾಲದಿಂದ ಮೆತ್ತಗಾಗುತ್ತ ಬಂದಿರುತ್ತದೆ. ಇಷ್ಟರ ಮೇಲೆ ಹೊಸದಾಗಿ ವಾಲಿಕೆ ಬಂದಿದ್ದರೆ, ಬೇರುಗಳು ಸೋಲುತ್ತಿವೆ ಎಂದೇ ಅರ್ಥ.

ವಾಲಿಕೆ ಹೊಸದೋ ಹಳೆಯದೋ ಎಂಬುದನ್ನು ನೀವೇ ದೂರದಿಂದ ನೋಡಿ ತಿಳಿಯಬಹುದು. ಎಳೆಯದಾಗಿದ್ದಾಗಲೇ ವಾಲಿದ ಮರ ಬೆಳೆಯುತ್ತ ತನ್ನ ತುದಿಯನ್ನು ಬೆಳಕಿನತ್ತ ನೆಟ್ಟಗೆ ತಿರುಗಿಸಿಕೊಂಡಿರುತ್ತದೆ, ಹೀಗಾಗಿ ಅದರ ಕಾಂಡ ಬಿಲ್ಲಿನಂತೆ ಬಾಗಿರುತ್ತದೆ. ಇತ್ತೀಚೆಗೆ ವಾಲಿದ ಮರದ ಕಾಂಡ ಬುಡದಿಂದ ತುದಿಯವರೆಗೆ ನೇರವಾಗಿಯೇ ಇದ್ದು, ಇಡೀ ಮರ ಓರೆಯಾಗಿರುತ್ತದೆ. ವಾಲಿದ ದಿಕ್ಕಿಗೆ ಎದುರು ಬದಿಯಲ್ಲಿ ಮಣ್ಣು ಉಬ್ಬಿದೆಯೇ, ಬುಡದ ಸುತ್ತ ಕಮಾನಿನಂತೆ ಬಿರುಕು ಬಿಟ್ಟಿದೆಯೇ ಎಂದು ಗಮನಿಸಿ. ಗಾಳಿ ಬೀಸುವಾಗ ಆ ಬಿರುಕು ಬಾಯಿ ತೆರೆದು ಮುಚ್ಚುವಂತಿದ್ದರೆ ಹತ್ತಿರ ಹೋಗದೆ, ಅಂದೇ ತುರ್ತು ಸೇವೆಯವರಿಗೆ ತಿಳಿಸಿ.

ಇಲ್ಲಿ ಒಂದು ಮಾತನ್ನು ಇತರ ಓದುಗರಿಗಾಗಿ ಸೇರಿಸಲೇಬೇಕು. ದೊಡ್ಡದಾಗಿದೆ, ಗಾಳಿಗೆ ತೂಗಾಡುತ್ತದೆ, ಪೊಟರೆ ಇದೆ ಎಂಬಷ್ಟೇ ಕಾರಣಕ್ಕೆ ಮರ ಅಪಾಯಕಾರಿಯಾಗುವುದಿಲ್ಲ. ತೂಗಾಡುವುದು ಗಾಳಿಯ ಬಲವನ್ನು ಹಂಚಿಕೊಳ್ಳುವ ಮರದ ಉಪಾಯ. ಟೊಳ್ಳಾದ ಕಾಂಡವೂ ಕೊಳವೆಯಂತೆ ಬಲವಾಗಿಯೇ ನಿಲ್ಲಬಲ್ಲದು. ಜರ್ಮನಿಯ ಭೌತವಿಜ್ಞಾನಿ ಕ್ಲೌಸ್ ಮಾಥೆಕ್ ಅವರು 1990ರ ದಶಕದಲ್ಲಿ ಮುರಿದ ಮತ್ತು ನಿಂತಿರುವ ಟೊಳ್ಳು ಮರಗಳನ್ನು ಅಳೆದು ನೋಡಿ, ಸುತ್ತಲಿನ ಗಟ್ಟಿ ಪದರದ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೆಯ ಒಂದು ಭಾಗದಷ್ಟಿದ್ದರೆ ಅಂಥ ಮರಗಳು ಮುರಿಯುವುದು ವಿರಳ ಎಂಬ ತೀರ್ಮಾನಕ್ಕೆ ಬಂದರು. ಈ ಅಳತೆಯ ಬಗ್ಗೆ ತಜ್ಞರಲ್ಲಿ ಚರ್ಚೆ ಇದ್ದೇ ಇದೆ. ಎಲ್ಲ ಮರಗಳಿಗೂ ಒಂದೇ ಗೆರೆ ಎಳೆಯಲಾಗದು. ಆದರೂ ಪೊಟರೆ ಕಂಡ ಕೂಡಲೇ ಗರಗಸ ಹಿಡಿಯುವವರನ್ನು ತಡೆಯಲು ಅದು ಸಾಕು. ಸಂದೇಹವಿದ್ದಾಗ ಕಾಂಡದ ಸುತ್ತ ಸಂವೇದಕಗಳನ್ನಿಟ್ಟು ಶಬ್ದತರಂಗಗಳಿಂದ ಒಳಭಾಗದ ಚಿತ್ರ ಪಡೆಯಬಹುದು, ಅಥವಾ ಸೂಜಿಯಂಥ ಸಣ್ಣ ಬೈರಿಗೆಯನ್ನು ಒಳಗೆ ಇಳಿಸಿ, ಅದಕ್ಕೆ ಎದುರಾಗುವ ತಡೆಯನ್ನು ದಾಖಲಿಸಿ ಕೊಳೆತ ಜಾಗವನ್ನು ಗುರುತಿಸಬಹುದು. ಎಷ್ಟೋ ಮರಗಳಿಗೆ ಒಣಕೊಂಬೆಗಳನ್ನು ತೆಗೆದು, ಭಾರವಾದ ಕೊಂಬೆಗಳ ಉದ್ದವನ್ನು ತಗ್ಗಿಸಿ, ಸೀಳುವಂತಿರುವ ಕವಲಿಗೆ ಉಕ್ಕಿನ ತಂತಿ ಬಿಗಿದರೆ ಸಾಕಾಗುತ್ತದೆ. ನಿಮ್ಮ ಮರಕ್ಕೆ ಇದಾವುದೂ ಸಾಲದು. ಬೇರು ಸೋತ ಮರಕ್ಕೆ ಕೊಂಬೆ ಕತ್ತರಿಸಿ ಹೊಸ ಬೇರು ಕೊಡಲಾಗದು, ಮತ್ತು ಮನೆಯನ್ನು ಅದರ ದಾರಿಯಿಂದ ಸರಿಸಲಾಗದು.

ಇನ್ನು ಹಗ್ಗ ಕಟ್ಟಿ ಎಳೆಯುವ ಮಾತಿಗೆ ಬರುತ್ತೇನೆ. ಮರವನ್ನು ಬೇಕಾದ ದಿಕ್ಕಿಗೆ ಬೀಳಿಸುವುದು ಹಗ್ಗದಿಂದ ಆಗುವ ಕೆಲಸವೆಂದು ನೋಡುವವರಿಗೆ ತೋರುತ್ತದೆ. ಹಗ್ಗದ ಪಾಲು ಅಲ್ಲಿ ಚಿಕ್ಕದು. ನಿಜವಾಗಿ ದಿಕ್ಕನ್ನು ಹಿಡಿದಿಡುವುದು ಬುಡದಲ್ಲಿ ಕತ್ತರಿಸದೆ ಉಳಿಸಿದ ಒಂದು ತೆಳು ಪಟ್ಟಿ. ಬೀಳಬೇಕಾದ ದಿಕ್ಕಿಗೆ ಮೊದಲು ಕಾಂಡದ ಅಡ್ಡಳತೆಯ ಐದನೆಯ ಅಥವಾ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಬಾಯಿ ತೆರೆದಂತೆ ಕಚ್ಚು ಹಾಕುತ್ತಾರೆ. ಅನಂತರ ಹಿಂಬದಿಯಿಂದ ಕೊಯ್ಯುತ್ತ ಬಂದು, ಅಡ್ಡಳತೆಯ ಹತ್ತನೆಯ ಒಂದು ಭಾಗದಷ್ಟು ದಪ್ಪದ ಮರವನ್ನು ನಡುವೆ ಉಳಿಸುತ್ತಾರೆ. ಬಾಗಿಲಿಗೆ ಕೀಲು ಇದ್ದಂತೆ ಮರಕ್ಕೆ ಈ ಪಟ್ಟಿ. ಮರ ಇದರ ಸುತ್ತ ತಿರುಗುತ್ತಲೇ ಬೀಳುತ್ತದೆ. ಕೀಲು ಗಟ್ಟಿಯಾದ ಮರದ ಎಳೆಗಳಿಂದ ಆಗಿರಬೇಕು. ನಿಮ್ಮ ಮರದಲ್ಲಿ ಅಣಬೆ ಎದ್ದಿರುವುದು ಸರಿಯಾಗಿ ಇದೇ ಜಾಗದಲ್ಲಿ. ಕೊಳೆತ ಎಳೆಗಳು ಬಾಗದೆ ಒಮ್ಮೆಲೇ ತುಂಡಾಗುತ್ತವೆ, ಆಗ ಮರ ತನ್ನ ಭಾರ ಎಳೆಯುವ ಕಡೆಗೆ, ಅಂದರೆ ಮನೆಯ ಕಡೆಗೆ ತಿರುಗಿ ಬೀಳುತ್ತದೆ. ಎದುರು ಬದಿಯಲ್ಲಿ ಹಗ್ಗ ಹಿಡಿದು ನಿಂತ ನಾಲ್ಕಾರು ಜನರ ಬಲ ಅದರ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ನೀವು ಹೇಳಿದ ಅಳತೆಯ ಹಸಿಮರ ಮೂರು ನಾಲ್ಕು ಟನ್ ತೂಗಬಹುದು. ಇನ್ನೂ ಒಂದು ಅಪಾಯ: ವಾಲಿದ ಮರದ ಕಾಂಡ ಈಗಾಗಲೇ ಬಿಗಿದು ಸೆಟೆದಿರುತ್ತದೆ. ಬಲವಾಗಿ ವಾಲಿದ ಮರವನ್ನು ಅದು ವಾಲಿದ ಕಡೆಗೇ ಬೀಳಿಸಲು ಹಿಂಬದಿಯಿಂದ ಸರಳವಾಗಿ ಕೊಯ್ಯುತ್ತ ಹೋದರೆ, ಕೊಯ್ತ ಮುಗಿಯುವ ಮೊದಲೇ ಕಾಂಡ ಉದ್ದುದ್ದಕ್ಕೆ ಸೀಳಿ, ಸೀಳಿದ ಭಾಗ ಮೇಲಕ್ಕೂ ಹಿಂದಕ್ಕೂ ಚಿಮ್ಮಿ, ಗರಗಸ ಹಿಡಿದವರಿಗೆ ಹೊಡೆಯುತ್ತದೆ. ಅನುಭವಿಗಳೂ ಇದರಿಂದ ಪ್ರಾಣ ಕಳೆದುಕೊಂಡಿದ್ದಾರೆ.

ನಿಮ್ಮ ತಮ್ಮನಿಗೆ ಈ ಭಾಗವನ್ನು ಓದಿ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಏಣಿ ಮತ್ತು ಚೈನ್ ಸಾ ಎರಡೂ ಒಂದೇ ಕೆಲಸದಲ್ಲಿ ಸೇರಬಾರದು. ಏಣಿಯನ್ನು ಕೊಂಬೆಗೆ ಆನಿಸಿ, ಅದರಾಚೆಯ ಭಾಗವನ್ನು ಕತ್ತರಿಸಿದ ಕ್ಷಣ ಕೊಂಬೆಯ ಭಾರ ಇಳಿದು, ಉಳಿದ ತುಂಡು ಮೇಲಕ್ಕೆ ಜಿಗಿಯುತ್ತದೆ. ಏಣಿಯ ತುದಿಗೆ ಆಸರೆಯೇ ಇಲ್ಲದಾಗುತ್ತದೆ. ಏಣಿಯನ್ನು ಕಾಂಡಕ್ಕೆ ಆನಿಸಿದ್ದರೆ, ಪೂರ್ತಿ ತುಂಡಾಗದ ಕೊಂಬೆ ತೊಗಟೆಯಲ್ಲಿ ಜೋತು ಲೋಲಕದಂತೆ ತೂಗಿಬಂದು ಏಣಿಗೆ ಬಡಿಯುತ್ತದೆ. ಹೀಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡವರೊಬ್ಬರ ಮನೆಗೆ, ಉಳಿದ ಮರವನ್ನು ಇಳಿಸಿಕೊಡಲು ನಾನು ಹೋಗಿದ್ದೆ. ಅವರು ಕತ್ತರಿಸಿದ ಕೊಂಬೆ ನನ್ನ ತೋಳಿಗಿಂತ ದಪ್ಪವಿರಲಿಲ್ಲ. ಗರಗಸದ ಅಪಾಯವೂ ಸಣ್ಣದಲ್ಲ: ಅದರ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ, ಅಲಗಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಇಡೀ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಚಿಮ್ಮಿ ಮುಖ ಅಥವಾ ಕುತ್ತಿಗೆಯ ಕಡೆಗೆ ಬರುತ್ತದೆ. ಎರಡೂ ಕಾಲು ನೆಲದ ಮೇಲೆ ಗಟ್ಟಿಯಾಗಿ ಊರಿ, ಎರಡೂ ಕೈಯಿಂದ ಹಿಡಿದು, ಭುಜದ ಮಟ್ಟಕ್ಕಿಂತ ಕೆಳಗೆ ಬಳಸಬೇಕಾದ ಸಾಧನವದು. ಮರ ನೆಲಕ್ಕೆ ಬಂದ ಮೇಲೆ ರೆಂಬೆಗಳನ್ನು ತುಂಡರಿಸುವ ಕೆಲಸ ನಿಮ್ಮ ತಮ್ಮನಿಗೆ ಬೇಕಾದಷ್ಟು ಉಳಿಯುತ್ತದೆ. ಆಗಲೂ ಹೆಲ್ಮೆಟ್, ಕಣ್ಣು ಮತ್ತು ಕಿವಿಗಳಿಗೆ ರಕ್ಷಣೆ, ಸರಪಳಿಯನ್ನು ತಡೆಯುವ ನಾರಿನ ಪದರಗಳಿರುವ ಕಾಲುಡುಪು, ಗಟ್ಟಿ ಬೂಟು ಇಲ್ಲದೆ ಅವರು ಗರಗಸ ಚಾಲೂ ಮಾಡಬಾರದು.

ವಿದ್ಯುತ್ ತಂತಿಯ ವಿಷಯ ಚಿಕ್ಕದು, ಆದರೆ ಅದರಲ್ಲಿ ರಿಯಾಯಿತಿ ಇಲ್ಲ. ಕೆಲಸದ ದಿನ ವಿದ್ಯುತ್ ಸರಬರಾಜು ಸಂಸ್ಥೆಯವರೇ ಬಂದು ಆ ತಂತಿಯ ಹರಿವನ್ನು ನಿಲ್ಲಿಸಬೇಕು ಅಥವಾ ತಂತಿಯನ್ನು ಬಿಚ್ಚಿಡಬೇಕು. ಮನೆಯ ಮುಖ್ಯ ಸ್ವಿಚ್ ಆರಿಸಿದರೆ ಹೊರಗಿನ ತಂತಿ ಸಾಯುವುದಿಲ್ಲ. ಹರಿವು ನಿಂತಿದೆಯೆಂದು ಖಾತ್ರಿಯಾಗುವವರೆಗೆ ಮನುಷ್ಯರು, ಹಗ್ಗ, ಕೊಂಬೆ, ಯಂತ್ರದ ತೋಳು ಯಾವುದೂ ತಂತಿಯ 3 ಮೀಟರ್ ಒಳಗೆ ಹೋಗಬಾರದು. ಹೆಚ್ಚು ಒತ್ತಡದ ತಂತಿಯಾದರೆ ಇನ್ನೂ ದೂರ ಬೇಕು, ಅದನ್ನು ಸಂಸ್ಥೆಯವರೇ ಹೇಳುತ್ತಾರೆ. ಹಸಿಮರವೂ ನೆನೆದ ಹಗ್ಗವೂ ವಿದ್ಯುತ್ತನ್ನು ಹರಿಸುತ್ತವೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮನೆಯ ಪಕ್ಕದ ಮರವನ್ನು ತುದಿಯಿಂದ ಬುಡದ ಕಡೆಗೆ ತುಂಡುತುಂಡಾಗಿ ಇಳಿಸಬೇಕು, ಮತ್ತು ಪ್ರತಿಯೊಂದು ತುಂಡೂ ಯಾವ ದಾರಿಯಲ್ಲಿ ಬಂದು ಎಲ್ಲಿ ನೆಲ ಮುಟ್ಟುತ್ತದೆ ಎಂಬುದು ಗರಗಸ ತಾಗಿಸುವ ಮೊದಲೇ ನಿಶ್ಚಯವಾಗಿರಬೇಕು. ಗಟ್ಟಿ ಮರವಾಗಿದ್ದರೆ ತರಬೇತಿ ಪಡೆದವರು ಸೊಂಟಪಟ್ಟಿ ಕಟ್ಟಿ, ಹಗ್ಗದ ಮೇಲೆ ಹತ್ತಿ ಈ ಕೆಲಸ ಮಾಡುತ್ತಾರೆ. ನಿಮ್ಮ ಮರವನ್ನು ಯಾರೂ ಹತ್ತಬಾರದು. ಹಗ್ಗದಿಂದ ಇಳಿಸುವ ಭಾರವೆಲ್ಲ ಆ ಕಾಂಡದ ಮೇಲೆಯೇ ಬೀಳುತ್ತದೆ, ಕತ್ತರಿಸಿದ ತುಂಡು ಸ್ವಲ್ಪ ದೂರ ಬಿದ್ದು ಹಗ್ಗದಲ್ಲಿ ತಟ್ಟನೆ ನಿಂತಾಗ ಕಾಂಡಕ್ಕೆ ಬೀಳುವ ಜಗ್ಗು ಆ ತುಂಡಿನ ತೂಕದ ಹಲವು ಪಟ್ಟು ಆಗುತ್ತದೆ. ಕೊಳೆತ ಬುಡ ಅದನ್ನು ತಡೆದುಕೊಳ್ಳುತ್ತದೆಂದು ನಂಬಿ ಒಬ್ಬ ಮನುಷ್ಯನನ್ನು ಮೇಲೆ ಕಳಿಸುವುದು ಅನ್ಯಾಯ. ಆದ್ದರಿಂದ ಮನುಷ್ಯರು ಮರದಿಂದ ಬೇರೆಯಾಗಿ ನಿಂತು ಕೆಲಸ ಮಾಡುವಂತಿರಬೇಕು: ಯಂತ್ರದ ತೋಳಿನ ತುದಿಯ ತೊಟ್ಟಿಲಿನಲ್ಲಿ ನಿಂತು ಕತ್ತರಿಸುವವರು ಒಬ್ಬರು, ತುಂಡುಗಳನ್ನು ಹಿಡಿದೆತ್ತಲು ಒಂದು ಕ್ರೇನ್.

ಕ್ರೇನ್ ಇದ್ದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ತುಂಡಿಗೆ ಮೊದಲೇ ಪಟ್ಟಿ ಬಿಗಿದು, ಅದರ ಭಾರವನ್ನು ಕ್ರೇನ್ ಹೊತ್ತುಕೊಂಡ ಮೇಲೆ ಕತ್ತರಿಸುತ್ತಾರೆ, ಹೀಗಾಗಿ ತುಂಡು ಬೀಳುವುದೇ ಇಲ್ಲ. ನಿಂತಲ್ಲಿಂದ ಮೇಲೆದ್ದು ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ತೂಕದ ಅಂದಾಜೇ ಪ್ರಾಣ. ಅನೇಕ ಜಾತಿಯ ಹಸಿಮರ ಘನ ಮೀಟರಿಗೆ ಸುಮಾರು 1000 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ 60 ಸೆಂಟಿಮೀಟರ್ ಅಡ್ಡಳತೆಯ ದಿಮ್ಮಿಯ ಒಂದೇ ಮೀಟರ್ ಉದ್ದ 280 ಕಿಲೋ ಆಗುತ್ತದೆ. ಕ್ರೇನಿನ ತೋಳು ದೂರ ಚಾಚಿದಷ್ಟೂ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತ ಹೋಗುವುದರಿಂದ, ಯಾವ ದೂರದಲ್ಲಿ ಎಷ್ಟು ದೊಡ್ಡ ತುಂಡು ಎಂಬುದನ್ನು ಚಾಲಕರೂ ಕತ್ತರಿಸುವವರೂ ಕೂಡಿ ನಿರ್ಧರಿಸಬೇಕು. ಹೊಸಬರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ಕ್ರೇನಿನ ಕಾಲುಗಳ ಕೆಳಗೆ ಏನಿದೆ? ನೆಲದಡಿಯ ನೀರಿನ ತೊಟ್ಟಿ, ಶೌಚದ ಗುಂಡಿ, ಇತ್ತೀಚೆಗೆ ಮುಚ್ಚಿದ ನಿಮ್ಮ ಆ ಕಾಲುವೆ ಇವುಗಳ ಮೇಲೆ ಕಾಲೂರಿದರೆ ಇಡೀ ಯಂತ್ರ ಮಗುಚಬಹುದು. ಅವು ಎಲ್ಲಿವೆಯೆಂದು ಗೊತ್ತಿರುವುದು ನಿಮಗೆ ಮಾತ್ರ, ಆದ್ದರಿಂದ ಬಣ್ಣ ಬಳಿದು ಅಥವಾ ಗೂಟ ನೆಟ್ಟು ಗುರುತಿಸಿ ತೋರಿಸಿ.

ಕೊಂಬೆಗಳ ಸರದಿಯೂ ಮುಖ್ಯ. ಮನೆಯ ಕಡೆಗೆ ಚಾಚಿದ ಕೊಂಬೆಗಳು ಮೊದಲು ಇಳಿಯಬೇಕು. ಎದುರು ಬದಿಯವು ಸುಲಭವಾಗಿ ಸಿಗುತ್ತವೆಂದು ಅವನ್ನೇ ಮೊದಲು ತೆಗೆದರೆ, ಇಷ್ಟು ದಿನ ಮರವನ್ನು ಹಿಂದಕ್ಕೆ ಹಿಡಿದಿದ್ದ ಭಾರವನ್ನು ನಾವೇ ಕಳೆದಂತಾಗಿ ವಾಲಿಕೆ ಹೆಚ್ಚುತ್ತದೆ. ಕ್ರೇನ್ ಬರಲು ದಾರಿಯಿಲ್ಲದ ಇಕ್ಕಟ್ಟಿನಲ್ಲಿ, ಪಕ್ಕದಲ್ಲಿ ಗಟ್ಟಿಮುಟ್ಟಾದ ಇನ್ನೊಂದು ಮರವಿದ್ದರೆ ಅದಕ್ಕೆ ರಾಟೆ ಕಟ್ಟಿ ತುಂಡುಗಳನ್ನು ಹಗ್ಗದಲ್ಲಿ ಇಳಿಸುವವರಿದ್ದಾರೆ. ಅದು ನಿಧಾನದ, ಹೆಚ್ಚು ನೈಪುಣ್ಯದ ಕೆಲಸ. ಅಲ್ಲಿಯೂ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬಾರದು; ಆ ಗಟ್ಟಿ ಮರದ ಬುಡಕ್ಕೆ ಬಿಗಿದ ಲೋಹದ ಉರುಳೆಗೆ ಸುತ್ತು ಹಾಕಿ, ತಿಕ್ಕಾಟದ ಬಲದಿಂದ ಭಾರವನ್ನು ಮೆಲ್ಲಗೆ ಬಿಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತವರನ್ನು ಕಂಡರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿಬಿಡಿ.

ನೆಲದ ಮೇಲಿನ ಶಿಸ್ತು ಮೇಲಿನ ಕೆಲಸದಷ್ಟೇ ತೂಕದ್ದು. ಮರದ ಎತ್ತರದ ಎರಡರಷ್ಟು ದೂರ, ಅಂದರೆ ನಿಮ್ಮಲ್ಲಿ ಮರದಿಂದ ಎಲ್ಲ ದಿಕ್ಕಿಗೂ 30 ಮೀಟರ್ ಒಳಗೆ, ಕೆಲಸಕ್ಕೆ ಸಂಬಂಧಿಸದವರು ಯಾರೂ ಇರಬಾರದು. ಆ ಹೊತ್ತಿನಲ್ಲಿ ನಿಮ್ಮ ಮನೆ ಮತ್ತು ಆ ವಲಯದೊಳಗೆ ಬರುವ ನೆರೆಮನೆ ಎರಡೂ ಖಾಲಿಯಿರಬೇಕು. ಎತ್ತರವನ್ನು ಅಂದಾಜಿನ ಮೇಲೆ ಬಿಡದೆ ಅಳೆಯಲು ಸರಳ ಉಪಾಯವಿದೆ. ಸಮತಟ್ಟಾದ ನೆಲದಲ್ಲಿ, ಕಣ್ಣಿನಿಂದ ಮುಷ್ಟಿಯವರೆಗಿನ ಉದ್ದದಷ್ಟೇ ಕೋಲನ್ನು ಚಾಚಿದ ಕೈಯಲ್ಲಿ ನೆಟ್ಟಗೆ ಹಿಡಿದು, ಕೋಲಿನ ಕೆಳತುದಿ ಮರದ ಬುಡಕ್ಕೂ ಮೇಲ್ತುದಿ ಮರದ ತುದಿಗೂ ಹೊಂದುವವರೆಗೆ ಹಿಂದೆ ಹಿಂದೆ ನಡೆಯಿರಿ. ನಿಂತ ಜಾಗದಿಂದ ಮರಕ್ಕೆ ಇರುವ ದೂರವೇ ಮರದ ಎತ್ತರ. ಕೆಲಸದ ತಂಡದಲ್ಲಿ ಆಜ್ಞೆ ಕೊಡುವವರು ಒಬ್ಬರೇ ಇರಬೇಕು. ಮೇಲಿನವರು ಕೂಗಿ ಹೇಳಿ, ಕೆಳಗಿನವರು ಕೇಳಿತೆಂದು ಉತ್ತರ ಕೊಟ್ಟ ಮೇಲೆಯೇ ಪ್ರತಿ ತುಂಡು ಕತ್ತರಿಸಬೇಕು. ಗಾಳಿ ಬೀಸತೊಡಗಿದರೆ, ಮಳೆ ಹನಿದರೆ, ಬೆಳಕು ಕಡಿಮೆಯಾದರೆ ಉಳಿದದ್ದು ನಾಳೆಗೆ.

ಕೊನೆಗೆ ಉಳಿಯುವ ಬೋಳು ಕಾಂಡವನ್ನು ಒಟ್ಟಿಗೇ ಕೆಡವಿಬಿಡೋಣ ಎಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಬುಡ ಕೊಳೆತಿರುವುದರಿಂದ ನಿಮ್ಮಲ್ಲಿ ಅದೂ ಬೇಡ. ಎದೆಯೆತ್ತರಕ್ಕೆ ಬರುವವರೆಗೂ ದಿಮ್ಮಿಗಳಾಗಿಯೇ ಇಳಿಸಲಿ.

ಯಾರಿಗೆ ಕೆಲಸ ಒಪ್ಪಿಸಬೇಕು ಎಂದು ನೀವು ಕೇಳಿಲ್ಲವಾದರೂ ಅದೇ ನಿಮ್ಮ ದೊಡ್ಡ ನಿರ್ಧಾರ. ಮೊದಲ ತುಂಡು ಯಾವುದು, ಅದು ಎಲ್ಲಿ ಇಳಿಯುತ್ತದೆ ಎಂದು ಕೇಳಿ ನೋಡಿ. ಬಲ್ಲವರು ಮರದ ಸುತ್ತ ಎರಡು ಮೂರು ಸಲ ನಡೆದು, ಬುಡವನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ತಂತಿಯನ್ನು ದಿಟ್ಟಿಸಿ, ಅನಂತರ ಉತ್ತರ ಕೊಡುತ್ತಾರೆ. ನಿಂತಲ್ಲಿಯೇ ಧೈರ್ಯದ ಮಾತಾಡಿ ಮುಗಿಸುವವರಿಗೆ ಈ ಕೆಲಸ ಕೊಡಬೇಡಿ. ಕೆಲಸಗಾರರಿಗೂ ಮೂರನೆಯವರ ಆಸ್ತಿಗೂ ವಿಮೆ ಇದೆಯೇ ಎಂಬುದಕ್ಕೆ ಕಾಗದ ನೋಡಿ. ದಿಮ್ಮಿ, ಸೊಪ್ಪು, ಬೊಡ್ಡೆಗಳನ್ನು ಯಾರು ಸಾಗಿಸಬೇಕು, ಹಾನಿಯಾದರೆ ಯಾರು ಹೊಣೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸ್ವಂತ ಜಾಗದ ಮರಕ್ಕೂ ಸ್ಥಳೀಯ ಆಡಳಿತದ ಅನುಮತಿ ಬೇಕಾಗುವ ಕಡೆಗಳು ಬಹಳವಿವೆ. ಅಣಬೆ, ಬಿರುಕು, ವಾಲಿಕೆಗಳ ಚಿತ್ರಗಳನ್ನು ದಿನಾಂಕ ಸಹಿತ ಲಗತ್ತಿಸಿದರೆ ತುರ್ತು ಅರ್ಜಿಗೆ ಬಲ ಬರುತ್ತದೆ. ಹಕ್ಕಿಗೂಡು, ಬಾವಲಿಗಳ ಪೊಟರೆ, ಮುಖ್ಯವಾಗಿ ಜೇನುಹುಟ್ಟು ಇವೆಯೇ ಎಂದು ದುರ್ಬೀನಿನಿಂದ ನೋಡಿಸಿ. ಗರಗಸದ ಸದ್ದಿಗೆ ಕೆರಳಿದ ಜೇನು ಎತ್ತರದಲ್ಲಿರುವವರನ್ನು ಮುತ್ತಿದರೆ ತಪ್ಪಿಸಿಕೊಳ್ಳಲು ಅವರಿಗೆ ದಾರಿಯೇ ಇರುವುದಿಲ್ಲ.

ಇಷ್ಟರೊಳಗೆ ಮರ ತಾನಾಗಿಯೇ ಉರುಳಿ ಮನೆಯ ಮೇಲೆ ಒರಗಿದರೆ, ಎಲ್ಲರೂ ಎದುರು ಬದಿಯಿಂದ ಹೊರಗೆ ಬನ್ನಿ. ತಂತಿ ಹರಿದು ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರವಿದ್ದು ಸಂಸ್ಥೆಗೆ ತಿಳಿಸಿ. ತಂತಿ ತಗುಲಿದ ಮರವನ್ನೂ ಮುಟ್ಟಬೇಡಿ. ಒರಗಿದ ಮರವನ್ನು ಅವಸರದಿಂದ ಕತ್ತರಿಸಲು ಹೋಗಬಾರದು, ಏಕೆಂದರೆ ಅದರ ಪ್ರತಿಯೊಂದು ಕೊಂಬೆಯೂ ಬಾಗಿದ ಬಿಲ್ಲು. ಬೇರುಸಮೇತ ಎದ್ದ ಮರದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿದಾಗ, ಭಾರ ಕಳೆದುಕೊಂಡ ಬೇರಿನ ಗೋಡೆ ಒಮ್ಮೆಲೇ ಹಿಂದಕ್ಕೆ ಬಿದ್ದು ಗುಂಡಿಯನ್ನು ಮುಚ್ಚಿಬಿಡುವುದುಂಟು. ಆ ಗುಂಡಿಯಲ್ಲಿ ಮಕ್ಕಳು ಇಣುಕುತ್ತ ನಿಂತಿರುವ ಸಾಧ್ಯತೆಯೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಮರ ಇಳಿದ ನಂತರ ಬೊಡ್ಡೆಯನ್ನು ಯಂತ್ರ ಕಟ್ಟಿ ಎಳೆದು ಕೀಳಿಸಬೇಡಿ. ಬೇರುಗಳು ಪೈಪನ್ನೋ ಅಡಿಪಾಯವನ್ನೋ ತಬ್ಬಿಕೊಂಡಿದ್ದರೆ ಅವೂ ಜೊತೆಗೆ ಕಿತ್ತುಬರುತ್ತವೆ. ಬೊಡ್ಡೆಯನ್ನು ನೆಲಮಟ್ಟದಿಂದ 20–30 ಸೆಂಟಿಮೀಟರ್ ಕೆಳಗಿನವರೆಗೆ ಯಂತ್ರದಿಂದ ಅರೆದು ಹುಡಿ ಮಾಡಿಸುವುದು ಮನೆಯ ಹತ್ತಿರ ಸೂಕ್ತ. ಉಳಿದ ಬೇರುಗಳು ಕೊಳೆಯುತ್ತ ಹೋದಂತೆ ಕೆಲವು ವರ್ಷ ನೆಲ ಅಲ್ಲಲ್ಲಿ ಕುಸಿಯಬಹುದು, ಮಣ್ಣು ತುಂಬುತ್ತಿದ್ದರೆ ಸಾಕು. ನಿಮ್ಮದು ಒಣಗಿದಾಗ ಬಿರಿಯುವ, ನೆನೆದಾಗ ಉಬ್ಬುವ ಜೇಡಿಮಣ್ಣಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಇಷ್ಟು ವರ್ಷ ಮರ ಹೀರುತ್ತಿದ್ದ ನೀರು ಇನ್ನು ಮಣ್ಣಿನಲ್ಲೇ ಉಳಿದು, ಅದು ನಿಧಾನವಾಗಿ ಉಬ್ಬಿ ಅಡಿಪಾಯವನ್ನು ಮೇಲಕ್ಕೆ ತಳ್ಳಬಹುದು. ಮನೆ ಮರಕ್ಕಿಂತ ಹೊಸದಾಗಿದ್ದರೆ ಈ ಸಾಧ್ಯತೆ ಹೆಚ್ಚು, ಆದ್ದರಿಂದ ಮರ ತೆಗೆಸುವ ಮೊದಲೇ ಕಟ್ಟಡದ ಎಂಜಿನಿಯರೊಬ್ಬರಿಗೆ ಅಡಿಪಾಯ ತೋರಿಸಿ, ಗೋಡೆಯಲ್ಲಿ ಈಗಿರುವ ಬಿರುಕುಗಳ ಚಿತ್ರ ತೆಗೆದಿಟ್ಟುಕೊಳ್ಳಿ.

ಹಿತ್ತಲಿನಲ್ಲಿ ಬೇರೆ ಮರಗಳೂ ಇದ್ದರೆ, ಇಷ್ಟು ಕಾಲ ಈ ದೊಡ್ಡ ಮರದ ಮರೆಯಲ್ಲಿ ಬೆಳೆದಿದ್ದ ಅವುಗಳಿಗೆ ಇನ್ನು ಮುಂದೆ ಗಾಳಿ ನೇರವಾಗಿ ತಾಗುತ್ತದೆ. ಕಾಲುವೆ ಅವುಗಳ ಪಕ್ಕದಲ್ಲೂ ಹಾದುಹೋಗಿದ್ದರೆ, ಕೆಲಸಕ್ಕೆ ಬಂದ ತಜ್ಞರಿಂದ ಅದೇ ದಿನ ಅವುಗಳ ಬುಡವನ್ನೂ ತಟ್ಟಿಸಿ ನೋಡಿಸಿಕೊಳ್ಳಿ, ಮುಂದಿನ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿಸಿ.